ಹಾವಿನ ಬುತ್ತಿ

ಹಾವು ನುಂಗಿದ್ದನ್ನು ಕಕ್ಕಿದ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ವರ್ಷಗಟ್ಟಲೆ ಬಿಡುವುದಿಲ್ಲ. ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಇಂಗ್ಲೆಂಡಿನ ಲೆಸ್ಟರಿನಲ್ಲಿರುವ ನಮ್ಮ ಮನೆಯ ಮೆಟ್ಟಿಲವರೆಗೂ ಆ ವಾಸನೆ ಇಳಿದು ಬಂದಿತ್ತು. ಮಗಳ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ, ಮರದ ಹೊಟ್ಟಿನ ಹಾಸಿನ ಮೇಲೆ, ಮೂರು ದಿನದ ಹಿಂದೆ ನುಂಗಿದ್ದ ಇಲಿ ಅರೆಬರೆ ಕರಗಿ ಬಿದ್ದಿತ್ತು. ಹಾವು ನೀರಿನ ಬಟ್ಟಲಿನ ಹಿಂದೆ ಮುದುಡಿಕೊಂಡಿತ್ತು. ಅದರ ಹೆಸರು ಬೆಲ್ಲ. ಕಾರ್ನ್ ಸ್ನೇಕ್ ಜಾತಿಯದು, ಅಮೆರಿಕದ ಆಗ್ನೇಯ ಭಾಗದ ವಿಷವಿಲ್ಲದ ಹಾವು. ಮೈಬಣ್ಣ ನೋಡಿ ಮಗಳು ಇಟ್ಟ ಹೆಸರು.

ಹಾವು ಕಕ್ಕುವುದಕ್ಕೆ ಕಾರಣ ಹಲವು. ಪೆಟ್ಟಿಗೆ ತಣ್ಣಗಿದ್ದರೆ ಕಕ್ಕುತ್ತದೆ, ಉಂಡ ಮೇಲೆ ಎತ್ತಿ ಆಡಿಸಿದರೆ ಕಕ್ಕುತ್ತದೆ, ತುತ್ತು ದೊಡ್ಡದಾದರೂ ಕಕ್ಕುತ್ತದೆ. ನಾವು ಎಲ್ಲವನ್ನೂ ನೋಡಿದೆವು. ಬೆಚ್ಚಗಿನ ಬದಿ 30 ಡಿಗ್ರಿ ಇತ್ತು, ಯಾರೂ ಮುಟ್ಟಿರಲಿಲ್ಲ, ಇಲಿಯ ಗಾತ್ರ ಹಾವಿನ ಮೈದಪ್ಪಕ್ಕೆ ಸರಿಯಾಗಿತ್ತು. ಸರೀಸೃಪಗಳನ್ನು ನೋಡುವ ಪಶುವೈದ್ಯೆ ಬೆಲ್ಲದ ಬಾಯಿ, ಹೊಟ್ಟೆ ಪರೀಕ್ಷಿಸಿ ಕೇಳಿದ ಮೊದಲ ಪ್ರಶ್ನೆ: "ಫ್ರೀಜರಿನಲ್ಲಿ ಉಳಿದ ಇಲಿಗಳನ್ನು ತಂದಿದ್ದೀರಾ?"

ತಂದಿರಲಿಲ್ಲ. ಮನೆಗೆ ಬಂದು ಆ ಪೊಟ್ಟಣವನ್ನು ತಟ್ಟೆಗೆ ಸುರಿದೆ. ಹತ್ತು ಇಲಿಗಳ ಪೊಟ್ಟಣದಲ್ಲಿ ಏಳು ಉಳಿದಿದ್ದವು. ನಾಲ್ಕು ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದವು. ಚೀಲದೊಳಗೆ ಪುಡಿ ಉಪ್ಪು ಚೆಲ್ಲಿದ ಹಾಗೆ ಹಿಮದ ಹರಳು. ಎರಡರ ಹೊಟ್ಟೆಯ ಕೆಳಭಾಗ, ತುಪ್ಪಟ ತೆಳುವಾದ ಕಡೆ, ಹಸಿರಾಗಿತ್ತು. ಒಂದರ ಬಾಲದ ಬುಡದಲ್ಲಿ ರೋಮ ಹಳದಿಯಾಗಿ ಜಡೆಗಟ್ಟಿತ್ತು. ಎಂಟು ತಿಂಗಳಿಂದ ಅಂಥದೇ ಪೊಟ್ಟಣಗಳನ್ನು ತರುತ್ತಿದ್ದೆ. ಒಂದು ಸಲವೂ ಹೀಗೆ ಸುರಿದು ನೋಡಿರಲಿಲ್ಲ. ಅಂಗಡಿಯಲ್ಲಿ ತೆಗೆದುಕೊಳ್ಳುವುದು, ಕೋಟಿನ ಜೇಬಿನಲ್ಲಿಟ್ಟುಕೊಂಡು ಮನೆಗೆ ಓಡುವುದು, ಫ್ರೀಜರಿಗೆ ಹಾಕಿ ಕೈ ತೊಳೆಯುವುದು. ಇಷ್ಟೇ ನನಗೆ ಗೊತ್ತಿತ್ತು.

ಆ ಸಂಜೆ ಚಳ್ಳಕೆರೆಯಿಂದ ಅಮ್ಮ ಫೋನ್ ಮಾಡಿದಾಗ ಎಲ್ಲವನ್ನೂ ಹೇಳಿದೆ. ಅವಳು ಮೊದಲು ಕೇಳಿದ್ದು, "ಮೂಸಿ ನೋಡ್ದೇನೆ?"

ಅಪ್ಪ ಮೂವತ್ತು ವರ್ಷ ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆದವರು. ಶೇಂಗಾ ಕೊಳ್ಳುವುದು ಹೇಗೆ ಎನ್ನುವುದು ನಮ್ಮ ಮನೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತಿತ್ತು. ಚೀಲದ ಮೇಲಿನ ಹಿಡಿಯನ್ನು ನಂಬಬಾರದು, ನಡುವಿನಿಂದ ತೆಗೆಯಬೇಕು. ಬೀಜವನ್ನು ಅಂಗೈಯಲ್ಲಿ ಉಜ್ಜಿ ಸಿಪ್ಪೆ ನೋಡಬೇಕು, ಒಡೆದು ಒಳಗಿನ ಬಣ್ಣ ನೋಡಬೇಕು, ಮೂಗಿಗೆ ಹಿಡಿಯಬೇಕು. ಕಮಟು ಹಿಡಿದಿದ್ದು ಕಣ್ಣಿಗೆ ಕಾಣುವುದಕ್ಕೆ ಮೊದಲು ಮೂಗಿಗೆ ಗೊತ್ತಾಗುತ್ತದೆ. "ಹಾವಿಗೆ ಕೊಡೋ ಊಟ ಅಂತ ನೀನು ನೋಡ್ಲಿಲ್ಲ. ನಾವು ತಿನ್ನೋದಾಗಿದ್ರೆ ನೋಡ್ತಿದ್ದೆ," ಅಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನದಿಂದ ನಾನು ಹೆಪ್ಪುಗಟ್ಟಿದ ಇಲಿಯನ್ನು ಪರೀಕ್ಷೆ ಮಾಡುವುದನ್ನು ಕಲಿಯಲು ಕುಳಿತೆ.

ಇಲ್ಲಿ ಹಾವು ಸಾಕುವವರಲ್ಲಿ ಬಹುಪಾಲು ಜನ ಹಾವಿಗೆ ಜೀವಂತ ಇಲಿ ಕೊಡುವುದಿಲ್ಲ. ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಇಲಿಗೆ ಓಡಲು ಜಾಗವಿಲ್ಲ, ಹಸಿವಿಲ್ಲದ ಹಾವು ಸುಮ್ಮನಿದ್ದುಬಿಟ್ಟರೆ ಹೆದರಿದ ಇಲಿ ಅದನ್ನೇ ಕಚ್ಚುತ್ತದೆ. ಬೆನ್ನೆಲುಬು ಕಾಣುವಷ್ಟು ಕಚ್ಚಿಸಿಕೊಂಡ ಹೆಬ್ಬಾವುಗಳು ಪಶುವೈದ್ಯರ ಬಳಿಗೆ ಬರುತ್ತವೆ. ಇಲಿಯ ಸಂಕಟದ ಪ್ರಶ್ನೆಯೂ ಇದೆ. ಇಲ್ಲಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ಸಾಕಿದ ಹಾವಿಗೆ ತಕ್ಕ ಆಹಾರ ಕೊಡುವುದು ಒಡೆಯನ ಕಾನೂನುಬದ್ಧ ಹೊಣೆ, ಇಲಿಯನ್ನು ಅನಗತ್ಯವಾಗಿ ನರಳಿಸಿದರೆ ಅದೂ ಅದೇ ಕಾಯ್ದೆಯಡಿ ತಪ್ಪು. ಹಾಗಾಗಿ ಇಲಿಗಳನ್ನು ಸಾಕಿ, ಕೊಂದು, ಹೆಪ್ಪುಗಟ್ಟಿಸಿ ಮಾರುವ ಒಂದು ದೊಡ್ಡ ವ್ಯಾಪಾರ ಬೆಳೆದಿದೆ. ರೋಮವಿಲ್ಲದ ಒಂದೆರಡು ಗ್ರಾಂ ತೂಕದ ಮರಿಗೆ ಪಿಂಕಿ ಎಂದು ಹೆಸರು. ಎಳೆ ರೋಮ ಬಂದರೆ ಫಜಿ. ಕಣ್ಣು ಬಿಟ್ಟು ಕುಪ್ಪಳಿಸುವ ವಯಸ್ಸಿನದು ಹಾಪರ್. ಆಮೇಲೆ ಸ್ಮಾಲ್, ಮೀಡಿಯಂ, ಲಾರ್ಜ್, ಜಂಬೋ. ಮೌಸ್ ಎನ್ನುವ ಚಿಕ್ಕ ಇಲಿಗೂ ರ‍್ಯಾಟ್ ಎನ್ನುವ ದೊಡ್ಡ ಇಲಿಗೂ ಬೇರೆ ಬೇರೆ ಅಳತೆ. ಈ ಹೆಸರುಗಳಿಗೆ ಒಪ್ಪಿತವಾದ ತೂಕವಿಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಮಾಲ್. ಆದ್ದರಿಂದ ಗ್ರಾಂ ಬರೆಯದ ಪೊಟ್ಟಣವನ್ನು ನಾನೀಗ ಕೊಳ್ಳುವುದಿಲ್ಲ. ಬರೆದಿದ್ದರೂ ಮನೆಯಲ್ಲಿ ತೂಗುತ್ತೇನೆ, ಮೈಗೆ ಮೆತ್ತಿದ ಮಂಜನ್ನು ಒರೆಸಿಯೇ.

ಇಲಿ ಸತ್ತ ಗಳಿಗೆಗೂ ಅದು ಪೂರ್ತಿ ಹೆಪ್ಪುಗಟ್ಟಿದ ಗಳಿಗೆಗೂ ನಡುವಿನ ಒಂದೆರಡು ಗಂಟೆಯಲ್ಲಿ ಎಲ್ಲ ನಿರ್ಧಾರವಾಗಿಬಿಡುತ್ತದೆ. ಪ್ರಾಣ ಹೋದರೂ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ. ಇಲಿಯ ಹೊಟ್ಟೆಯಲ್ಲಿ ನಾರಿನ ಅಂಶವನ್ನು ಹುಳಿಯಿಸುವ ದೊಡ್ಡ ಕುರುಡುಕರುಳಿದೆ, ಅದರ ತುಂಬಾ ಬ್ಯಾಕ್ಟೀರಿಯಾಗಳೇ. ಮೈ ಬೆಚ್ಚಗಿರುವಷ್ಟು ಹೊತ್ತು ಅವು ಒಳಗಿನಿಂದ ಕರುಳಿನ ಗೋಡೆಯನ್ನೇ ತಿನ್ನತೊಡಗುತ್ತವೆ. ಅವು ಹೊರಬಿಡುವ ಗಂಧಕದ ಅನಿಲ ರಕ್ತದ ಬಣ್ಣವನ್ನು ಬದಲಿಸುತ್ತದೆ. ಕೆಳಹೊಟ್ಟೆ ಹಸಿರಾಗುವುದು ಹೀಗೆ. ಅವಸರದ ಸಾಕಣೆದಾರ ಐವತ್ತು ಇಲಿಗಳನ್ನು ಬಿಸಿಬಿಸಿಯಾಗಿಯೇ ಒಂದು ಚೀಲಕ್ಕೆ ತುಂಬಿ ಫ್ರೀಜರಿಗೆ ಹಾಕುತ್ತಾನೆ. ಹೊರಗಿನ ಸಾಲು ಗಟ್ಟಿಯಾಗುತ್ತದೆ, ನಡುವಿನವು ಒಂದಕ್ಕೊಂದು ಕಂಬಳಿಯಾಗಿ ಗಂಟೆಗಟ್ಟಲೆ ಬೆಚ್ಚಗಿರುತ್ತವೆ. ಮಾಡಿಟ್ಟ ಅನ್ನದ ದೊಡ್ಡ ಹಂಡೆಯ ನಡುವಿನ ಅನ್ನ ಮೊದಲು ಹಳಸುವ ಹಾಗೆ. ಬಲ್ಲವನು ಇಲಿಗಳನ್ನು ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ತಣಿಸಿ, ಬೇಗ ಹೆಪ್ಪುಗಟ್ಟಿಸಿ, ಆಮೇಲೆ ಚೀಲಕ್ಕೆ ಹಾಕುತ್ತಾನೆ. ಅಂಥವನ ಇಲಿಗಳು ಬಿಡಿಯಾಗಿ, ನೀಳವಾಗಿ ಮಲಗಿರುತ್ತವೆ, ಬಾಲ ನೆಟ್ಟಗಿರುತ್ತದೆ, ಚೀಲ ಅಲುಗಿಸಿದರೆ ಕಲ್ಲಿನಂತೆ ಸದ್ದು ಮಾಡುತ್ತವೆ.

ಹೊಟ್ಟೆಯನ್ನು ನೋಡುವುದಕ್ಕೆ ಇಲಿಯನ್ನು ಮಗುಚಿ ಹಾಕಬೇಕು. ಅಂಗಡಿಯ ಪೊಟ್ಟಣದಲ್ಲಿ ಸಾಮಾನ್ಯವಾಗಿ ಬೆನ್ನು ಮೇಲಾಗಿರುತ್ತದೆ. ಬಿಳಿ ತುಪ್ಪಟದ ಬೆನ್ನು ಎಲ್ಲ ಇಲಿಗೂ ಚೆಂದವೇ.

ಹಿಮದ ಹರಳುಗಳದು ಇನ್ನೊಂದು ಕತೆ. ಚೀಲದೊಳಗೆ ಕಾಣುವ ಮಂಜು ಹೊರಗಿನಿಂದ ಬಂದಿದ್ದಲ್ಲ, ಇಲಿಯ ಮೈಯಿಂದಲೇ ಹೊರಟ ನೀರು. ಫ್ರೀಜರಿನ ಉಷ್ಣತೆ ಏರಿಳಿದಾಗಲೆಲ್ಲ ಮೈಯೊಳಗಿನ ಮಂಜು ಕರಗದೆ ನೇರವಾಗಿ ಆವಿಯಾಗಿ, ಚೀಲದ ಗೋಡೆಗೆ ತಗುಲಿ ಮತ್ತೆ ಮಂಜಾಗುತ್ತದೆ. ನೀರು ಕಳೆದುಕೊಂಡ ಚರ್ಮ ಬೂದಿಬಣ್ಣಕ್ಕೆ ತಿರುಗಿ ಒಣ ತೊಗಲಾಗುತ್ತದೆ. ಕಿವಿ, ಪಾದ, ಬಾಲದ ತುದಿಯಲ್ಲಿ ಮೊದಲು. ಚೀಲದ ತಳದಲ್ಲಿ ಮಂಜಿನ ಹಲಗೆಯೇ ಇದ್ದು, ಅದರಲ್ಲಿ ತಿಳಿಗೆಂಪು ಬಣ್ಣ ಕಂಡರೆ ಅದು ಒಮ್ಮೆ ಕರಗಿ ಮತ್ತೆ ಹೆಪ್ಪಾದ ಪೊಟ್ಟಣ. ಅದನ್ನು ಅಲ್ಲೇ ಬಿಟ್ಟು ಬರುವುದೇ ಸರಿ. ಗಾಳಿ ಪೂರ್ತಿ ಹೀರಿ ಮುಚ್ಚಿದ ಪೊಟ್ಟಣದಲ್ಲಿ ಈ ಕಾಟ ಬಹಳ ಕಡಿಮೆ. ಬೆಲೆ ತುಸು ಹೆಚ್ಚು, ಆದರೆ ತಿಂಗಳಿಗೆ ಮೂರು ನಾಲ್ಕು ಇಲಿ ತಿನ್ನುವ ಒಂದು ಹಾವಿನ ಮನೆಗೆ ಅದು ಭಾರವಲ್ಲ.

ಅಮ್ಮ ಹೇಳಿದ ಕಮಟಿನ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಹೆಪ್ಪುಗಟ್ಟಿಸಿದರೆ ಕೊಳೆಯುವುದು ನಿಲ್ಲುತ್ತದೆ, ಕೊಬ್ಬು ಗಾಳಿಯೊಂದಿಗೆ ಸೇರಿ ಕೆಡುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಮೈನಸ್ 18 ಡಿಗ್ರಿಯಲ್ಲೂ ತಿಂಗಳುಗಳು ಉರುಳಿದಂತೆ ಕೊಬ್ಬು ಕಮಟಾಗುತ್ತಲೇ ಇರುತ್ತದೆ, ಅದನ್ನು ತಡೆಯಲು ಹೋಗಿ ಮೈಯಲ್ಲಿದ್ದ ಇ ಜೀವಸತ್ವ ಖರ್ಚಾಗುತ್ತದೆ. ಕೆಟ್ಟ ಕೊಬ್ಬನ್ನೇ ತಿಂದ ಸರೀಸೃಪಗಳಲ್ಲಿ ಮೈಯೊಳಗಿನ ಕೊಬ್ಬು ಉರಿಯೂತಕ್ಕೆ ಗುರಿಯಾಗಿ ಗಂಟುಗಟ್ಟುವ ಕಾಯಿಲೆ ಪಶುವೈದ್ಯರಿಗೆ ಪರಿಚಿತ. ಇಲಿ ಎಷ್ಟು ಕೊಬ್ಬಿದೆಯೋ ಅಷ್ಟು ಬೇಗ ಕಮಟು. ಇಲ್ಲಿಯೇ ಜಂಬೋಗಳ ಮೋಸವಿರುವುದು. ಜಂಬೋ ಎಂದು ಮಾರುವ ಇಲಿಗಳಲ್ಲಿ ಎಷ್ಟೋ ಮರಿ ಹಾಕಿ ಹಾಕಿ ದಣಿದು ನಿವೃತ್ತವಾದವು. ವಯಸ್ಸಾದವು, ತೊಡೆಸಂದಿಯಲ್ಲಿ ಹಳದಿ ಕೊಬ್ಬು ಕಟ್ಟಿದವು. ದುಡ್ಡಿಗೆ ಹೆಚ್ಚು ತೂಕ ಬಂತೆಂದು ಕೊಂಡರೆ ಹಾವಿಗೆ ಹೋಗುವುದು ಬೊಜ್ಜು. ಪೆಟ್ಟಿಗೆಯಲ್ಲಿ ಬದುಕುವ ಹಾವು ಮೊದಲೇ ಓಡಾಟ ಕಡಿಮೆಯ ಪ್ರಾಣಿ. ಬೆಳೆದ ಕಾರ್ನ್ ಸ್ನೇಕ್‌ಗೆ ಇಪ್ಪತ್ತೈದು ಗ್ರಾಂ ಸುತ್ತಮುತ್ತಲಿನ ಎಳೆಪ್ರಾಯದ, ಮೈಗಟ್ಟಾದ ಇಲಿಯೇ ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಾನು ಪೊಟ್ಟಣದ ಮೇಲೆ ಕೊಂಡ ತಿಂಗಳನ್ನು ಬರೆಯುತ್ತೇನೆ. ಆರು ತಿಂಗಳು ದಾಟಿದ್ದನ್ನು ಕೊಡುವುದಿಲ್ಲ.

ಪಿಂಕಿಗಳನ್ನು ನೋಡುವ ಬಗೆ ಬೇರೆ. ರೋಮವಿಲ್ಲದ್ದರಿಂದ ಅವು ಏನನ್ನೂ ಬಚ್ಚಿಡಲಾರವು. ಹೆಸರಿಗೆ ತಕ್ಕಂತೆ ಎಳೆಗೆಂಪಾಗಿರಬೇಕು. ಕಂದು, ಬೂದಿ, ಕಪ್ಪು ಛಾಯೆ ಬಂದಿದ್ದರೆ ಒಣಗಿದೆ ಅಥವಾ ಹೆಪ್ಪುಗಟ್ಟುವ ಮೊದಲೇ ಕೆಟ್ಟಿದೆ. ತೆಳುಚರ್ಮದ ಅಡಿಯಲ್ಲಿ, ಎಡಪಕ್ಕೆಯ ಕೆಳಗೆ, ಬಿಳಿ ಪಟ್ಟಿಯೊಂದು ಕಂಡರೆ ಅದು ತಾಯಿಯ ಹಾಲು. ಆ ಮರಿ ಕುಡಿದಿತ್ತು, ಆರೋಗ್ಯವಾಗಿತ್ತು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೊದಲ ಸಲ ಅದನ್ನು ಕಂಡಾಗ ನಾನು ತಟ್ಟೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಹಾವನ್ನು ಸಾಕುವವರು ಈ ಗಳಿಗೆಯನ್ನು ದಾಟಿಯೇ ಹೋಗಬೇಕು. ನನ್ನ ಮಗಳು ನನಗಿಂತ ಮೊದಲೇ ದಾಟಿದ್ದಳು, ಒಬ್ಬಳೇ.

ಪಿಂಕಿಯ ಮೈಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಮೂಳೆ ಇನ್ನೂ ಗಟ್ಟಿಯಾಗದ್ದರಿಂದ ಬೆಳೆದ ಇಲಿಯಲ್ಲಿರುವಷ್ಟು ಸುಣ್ಣದ ಅಂಶವೂ ಇಲ್ಲ. ಮರಿಹಾವಿಗೆ ಅದು ಸರಿ, ದೊಡ್ಡ ಹಾವಿಗೆ ಹತ್ತು ಪಿಂಕಿ ಕೊಟ್ಟು ಒಂದು ಇಲಿ ಕೊಟ್ಟಂತಾಯಿತು ಎಂದುಕೊಳ್ಳಬಾರದು.

ಹೇಗೆ ಬದುಕಿತ್ತು, ಹೇಗೆ ಸತ್ತಿತು ಎನ್ನುವುದು ಕೂಡ ಗುಣಮಟ್ಟದ ಮಾತೇ ಎಂದು ನನಗೆ ಅರ್ಥವಾಗಿದ್ದು ಮಾರುವವರಿಗೆ ಫೋನ್ ಮಾಡಲು ಶುರುಮಾಡಿದ ಮೇಲೆ. ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ: ಇಲಿಗಳಿಗೆ ಏನು ತಿನ್ನಿಸುತ್ತೀರಿ, ಹೇಗೆ ಕೊಲ್ಲುತ್ತೀರಿ, ಕೊಂದ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತವೆ. ಒಬ್ಬರು ಫೋನ್ ಇಟ್ಟುಬಿಟ್ಟರು. ಇನ್ನೊಬ್ಬರು, ನಾವು ಬರೀ ಆಮದು ಮಾಡಿ ಮಾರುತ್ತೇವೆ, ನಮಗೆ ಗೊತ್ತಿಲ್ಲ ಎಂದರು. ಮೂರನೆಯವರು ಇಪ್ಪತ್ತು ನಿಮಿಷ ಮಾತಾಡಿದರು. ತಿನ್ನಿಸುವುದು ಇಲಿಗಳಿಗೆಂದೇ ಮಾಡಿದ ಗಟ್ಟಿ ಬಿಲ್ಲೆಗಳನ್ನು, ಮಿಕ್ಕ ಬ್ರೆಡ್ಡನ್ನಲ್ಲ. ಕೊಲ್ಲುವುದು ಇಂಗಾಲದ ಡೈಆಕ್ಸೈಡಿನಿಂದ, ಅನಿಲವನ್ನು ಮೆಲ್ಲಗೆ ಏರಿಸುತ್ತಾ.

ಈ 'ಮೆಲ್ಲಗೆ' ಎನ್ನುವುದರಲ್ಲಿ ಬಹಳ ಇದೆ. ಅಮೆರಿಕನ್ ವೆಟರ್ನರಿ ಮೆಡಿಕಲ್ ಅಸೋಸಿಯೇಷನ್ 2020ರಲ್ಲಿ ಹೊರತಂದ ದಯಾಮರಣದ ಮಾರ್ಗಸೂಚಿಯ ಪ್ರಕಾರ ಪೆಟ್ಟಿಗೆಯ ಗಾತ್ರದ ಶೇ 30ರಿಂದ 70ರಷ್ಟು ಅನಿಲ ಪ್ರತಿ ನಿಮಿಷಕ್ಕೆ ಒಳಸೇರಬೇಕು. ಮೊದಲೇ ಅನಿಲ ತುಂಬಿಟ್ಟ ಪೆಟ್ಟಿಗೆಗೆ ಇಲಿಯನ್ನು ಹಾಕಿದರೆ ಪ್ರಜ್ಞೆ ತಪ್ಪುವ ಮೊದಲೇ ಮೂಗು, ಗಂಟಲು ಉರಿಯುತ್ತವೆ. ಮೆಲ್ಲಗೆ ಏರಿಸಿದರೆ ಮೊದಲು ಪ್ರಜ್ಞೆ ಹೋಗುತ್ತದೆ. ಹಸುಗೂಸುಗಳದು ಇನ್ನೂ ಕಷ್ಟ. ಗರ್ಭದ ಕಡಿಮೆ ಆಮ್ಲಜನಕಕ್ಕೆ ಒಗ್ಗಿಕೊಂಡ ನವಜಾತ ಮರಿ ಈ ಅನಿಲದಲ್ಲಿ ಸಾಯಲು ಐವತ್ತು ನಿಮಿಷದವರೆಗೂ ಬೇಕಾಗಬಹುದು. ಹತ್ತು ನಿಮಿಷಕ್ಕೆ ತೆಗೆದು ಫ್ರೀಜರಿಗೆ ಹಾಕಿದವನು ಜೀವಂತ ಮರಿಯನ್ನು ಹಾಕಿರುತ್ತಾನೆ. ಪೊಟ್ಟಣ ನೋಡಿ ಇದು ಗೊತ್ತಾಗುವುದಿಲ್ಲ, ಕೇಳಿಯೇ ತಿಳಿಯಬೇಕು. ಕೇಳಿದ್ದಕ್ಕೆ ಸಿಟ್ಟಾಗುವವರಿಂದ ಕೊಳ್ಳಬಾರದು. ಪ್ರಯೋಗಾಲಯಗಳಲ್ಲಿ ಮಿಕ್ಕ ಇಲಿ ಅಗ್ಗಕ್ಕೆ ಸಿಗುತ್ತದೆ ಎನ್ನುವವರೂ ಇದ್ದಾರೆ. ಬಾರ್ಬಿಚುರೇಟ್ ಚುಚ್ಚಿ ಕೊಂದ ಪ್ರಾಣಿಯಾದರೆ ಆ ಮದ್ದು ಮಾಂಸದಲ್ಲೇ ಉಳಿದು ತಿಂದ ಹಾವನ್ನೂ ಕೊಲ್ಲಬಲ್ಲದು. ಹಿತ್ತಲಲ್ಲಿ ಹಿಡಿದ ಇಲಿಯೂ ಬೇಡ. ನೆರೆಯವರಿಟ್ಟ ಇಲಿಪಾಷಾಣ ಅದರ ಹೊಟ್ಟೆಯಲ್ಲಿರಬಹುದು.

ಹಾವಿನ ಮಾತಾಯಿತು, ಮನೆಯವರದು ಉಳಿದಿದೆ. ಹೆಪ್ಪುಗಟ್ಟಿಸಿದರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. 2010ರಲ್ಲಿ ಅಮೆರಿಕದ ಹದಿನೈದಕ್ಕೂ ಹೆಚ್ಚು ರಾಜ್ಯಗಳಲ್ಲಿ ಮೂವತ್ತಕ್ಕೂ ಹೆಚ್ಚು ಜನ ಹೊಟ್ಟೆ ಕೆಟ್ಟು ಮಲಗಿದಾಗ ಜಾಡು ಹಿಡಿದು ಹೋದವರು ತಲುಪಿದ್ದು ಜಾರ್ಜಿಯಾ ರಾಜ್ಯದಲ್ಲಿ ತಯಾರಾದ ಹೆಪ್ಪುಗಟ್ಟಿದ ಇಲಿಗಳಿಗೆ. ಇಡೀ ಸರಕನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಬ್ರಿಟನ್ನಿನಲ್ಲಿಯೂ 2015ರಿಂದೀಚೆಗೆ ಹಾವಿನ ಆಹಾರದ ಇಲಿಗಳಿಂದ ಹರಡಿದ ಸಾಲ್ಮೊನೆಲ್ಲಾ ನೂರಾರು ಜನರನ್ನು ಕಾಡಿದೆ, ಅವರಲ್ಲಿ ಮಕ್ಕಳು ಬಹಳ. 2012ರಲ್ಲಿ ಅಮೆರಿಕದ ಇಂಡಿಯಾನಾದ ಇಲಿ ಸಾಕಣೆ ಕೇಂದ್ರವೊಂದರ ಕೆಲಸಗಾರರಿಗೆ ಮಿದುಳಿನ ಪೊರೆಯ ಉರಿಯೂತ ತರಬಲ್ಲ ಎಲ್‌ಸಿಎಂ ವೈರಸ್ ತಗುಲಿತ್ತು. ಈ ಯಾವುದೂ ಕಣ್ಣಿಗೆ, ಮೂಗಿಗೆ ಸಿಗುವುದಲ್ಲ. ಎಷ್ಟೇ ಚೆಂದದ ಇಲಿಯನ್ನೂ ಸೋಂಕಿದೆ ಎಂದೇ ತಿಳಿದು ಮುಟ್ಟಬೇಕು.

ಅದಕ್ಕೇ ಯಾರೋ ಬಳಸಿದ್ದ ಚಿಕ್ಕ ಫ್ರೀಜರೊಂದನ್ನು ಕೊಂಡು ಗ್ಯಾರೇಜಿನಲ್ಲಿಟ್ಟೆವು. ಅದಕ್ಕೂ ಮೊದಲು ಇಲಿಗಳು ಬಟಾಣಿ, ತೆಂಗಿನತುರಿಯ ಪಕ್ಕದಲ್ಲೇ ಇದ್ದವು. ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ. ಇಲಿಗೆಂದೇ ಒಂದು ಡಬ್ಬ, ಒಂದು ಇಕ್ಕಳ, ಒಂದು ತಕ್ಕಡಿ. ಯಾವುದೂ ಅಡುಗೆಮನೆಗೆ ಬರುವುದಿಲ್ಲ. ಸೋಪು ಹಚ್ಚಿ ಕೈ ತೊಳೆಯದೆ ಯಾರೂ ಬಾಗಿಲ ಹಿಡಿಯನ್ನೂ ಮುಟ್ಟುವುದಿಲ್ಲ. ತಂಗಿಯ ಮೂರು ವರ್ಷದ ಮಗ ಬಂದಾಗ ಆ ಕೋಣೆಗೇ ಬೀಗ.

ಕೊನೆಯ ಪರೀಕ್ಷೆ ಕರಗಿಸುವಾಗ. ಚೀಲ ಮುಚ್ಚಿಯೇ ಇಲಿಯನ್ನು ಹಿಂದಿನ ರಾತ್ರಿ ಅದರದೇ ಡಬ್ಬದಲ್ಲಿಟ್ಟು ತಣ್ಣಗಿನ ಜಾಗದಲ್ಲಿ ಕರಗಲು ಬಿಡುತ್ತೇವೆ, ಕೊಡುವ ಮೊದಲು ಮುಂಗೈಗೆ ಬೆಚ್ಚಗೆನಿಸುವಷ್ಟು ಬಿಸಿನೀರಿನಲ್ಲಿ ಚೀಲವನ್ನು ಮುಳುಗಿಸುತ್ತೇವೆ. ಮೈಕ್ರೋವೇವ್ ಯಾವತ್ತೂ ಕೂಡದು. ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬೇಯುತ್ತದೆ, ಹೊಟ್ಟೆ ಸಿಡಿಯುತ್ತದೆ. ಕರಗಿದ ಇಲಿಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗೋಲಿಯಂಥ ಗಟ್ಟಿ ಸಿಗಬಾರದು. ಸಿಕ್ಕರೆ ನಡುವೆ ಇನ್ನೂ ಮಂಜಿದೆ. ಒತ್ತಿದ ಬೆರಳಿನಡಿ ಚರ್ಮ ಜಾರಿ ರೋಮ ಕಿತ್ತು ಬಂದರೆ, ಬಾಲದ ಬುಡದಿಂದ ಹಸಿರು ನೀರು ಜಿನುಗಿದರೆ, ಹೊಟ್ಟೆ ಬಲೂನಾಗಿದ್ದರೆ ಅದನ್ನು ಕೊಡುವುದಿಲ್ಲ. ಮೂಗಿನ ತುದಿಯಲ್ಲಿ ಒಂದು ಹನಿ ರಕ್ತ ಸಾಮಾನ್ಯ. ಹತ್ತಕ್ಕೆ ಹತ್ತೂ ಹಾಗಿದ್ದರೆ ಮಾರಿದವರನ್ನು ಕೇಳಬೇಕು. ಒಳ್ಳೆಯ ಇಲಿಗೂ ವಾಸನೆ ಇದೆ, ಹಳೆಯ ಜೋಳದ ಕಣಜದ್ದು. ಹುಳಿ ವಾಸನೆ, ಕಮಟು ವಾಸನೆ ಬೇರೆ. ಒಮ್ಮೆ ಎರಡನ್ನೂ ಪಕ್ಕದಲ್ಲಿಟ್ಟು ಮೂಸಿದವರಿಗೆ ಮತ್ತೆ ಹೇಳಿಕೊಡುವುದು ಬೇಕಾಗದು. ಕರಗಿದ್ದನ್ನು ಹಾವು ಮುಟ್ಟದಿದ್ದರೆ ಎಸೆಯುವುದೇ. ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ.

ಹಾವೂ ಪರೀಕ್ಷೆ ಮಾಡುತ್ತದೆ, ಆದರೆ ಅದನ್ನು ಪೂರ್ತಿ ನೆಚ್ಚುವಂತಿಲ್ಲ. ಮಗಳ ಗೆಳತಿಯ ಮನೆಯಲ್ಲಿ ಒಂದು ರಾಯಲ್ ಪೈಥಾನ್ ಇದೆ, ಪಶ್ಚಿಮ ಆಫ್ರಿಕಾದ ಚಿಕ್ಕ ಹೆಬ್ಬಾವು. ಅದರ ತುಟಿಯ ಮೇಲೆ ಶಾಖವನ್ನು ಕಾಣುವ ಗುಳಿಗಳಿವೆ. ಇಲಿ ಬೆಚ್ಚಗಿಲ್ಲದಿದ್ದರೆ ಮೂಗೆತ್ತಿಯೂ ನೋಡುವುದಿಲ್ಲ. ತಿಂಗಳುಗಟ್ಟಲೆ ಉಪವಾಸ ಕೂರುವುದರಲ್ಲಿ ಆ ಜಾತಿ ಹೆಸರುವಾಸಿ. ನೈಜೀರಿಯಾದ ಕಾಡಿನಲ್ಲಿ ಲುಯಿಸೆಲ್ಲಿ ಮತ್ತು ಆಂಜೆಲಿಚಿ ಎಂಬ ಸಂಶೋಧಕರು ಅಧ್ಯಯನ ಮಾಡಿದಾಗ ಚಿಕ್ಕ ಹಾವುಗಳು, ಗಂಡುಗಳು ಹೆಚ್ಚಾಗಿ ಹಕ್ಕಿಗಳನ್ನು ತಿನ್ನುವುದು ಕಂಡುಬಂದಿತ್ತು. ಬಿಳಿ ಇಲಿಯನ್ನು ಊಟವೆಂದು ಆ ಹಾವು ಒಪ್ಪದಿದ್ದರೆ ತಪ್ಪು ಯಾವಾಗಲೂ ಇಲಿಯದಲ್ಲ. ಕಾರ್ನ್ ಸ್ನೇಕ್ ಇದಕ್ಕೆ ತದ್ವಿರುದ್ಧ. ಶಾಖದ ಗುಳಿಗಳಿಲ್ಲ, ನಾಲಗೆಯಲ್ಲಿ ಗಾಳಿಯ ವಾಸನೆ ಹಿಡಿದು ಬರುತ್ತದೆ, ಕೊಟ್ಟಿದ್ದನ್ನು ನುಂಗುತ್ತದೆ. ಹಸಿರು ಹೊಟ್ಟೆಯ ಇಲಿಯನ್ನೂ ಬೆಲ್ಲ ನುಂಗಿತ್ತು.

ಊರಿಗೆ ಹೋದಾಗ ಈ ಕತೆ ಕೇಳಿದ ಹುಡುಗರು, ನಾವೂ ಒಂದು ಹಾವು ಸಾಕೋಣ ಎನ್ನುತ್ತಾರೆ. ನಮ್ಮ ಕೇರೆ, ಹೆಬ್ಬಾವು, ನಾಗರಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುತ್ತದೆ, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಹಾಗಿರುವುದೇ ಸರಿ. ಶೇಂಗಾ ಹೊಲದ ಬದುವಿನಲ್ಲಿ ಕೇರೆ ಹಾವು ಇಲಿ ಹಿಡಿಯುವಾಗ ಅದಕ್ಕೆ ಯಾರ ತಕ್ಕಡಿಯೂ ಬೇಡ.

ಬೆಲ್ಲಕ್ಕೆ ಎರಡು ವಾರ ಏನೂ ಕೊಡಲಿಲ್ಲ, ನೀರು ಮಾತ್ರ. ಆಮೇಲೆ ಅರ್ಧ ಗಾತ್ರದ ಇಲಿ, ಮತ್ತೆ ಹತ್ತು ದಿನ ಬಿಟ್ಟು ಇನ್ನೊಂದು. ಉಳಿಯಿತು. ಈಗ ಇಪ್ಪತ್ತು ನಿಮಿಷ ಮಾತಾಡಿದ ಆ ಸಾಕಣೆದಾರರಿಂದಲೇ ಪೆಟ್ಟಿಗೆ ಬರುತ್ತದೆ. ಬಂದ ದಿನ ಗ್ಯಾರೇಜಿನ ನೆಲದ ಮೇಲೆ ಪತ್ರಿಕೆ ಹಾಸಿ, ಕೈಗವಸು ಹಾಕಿಕೊಂಡು, ಮಗಳು ಒಂದೊಂದನ್ನೇ ಮಗುಚಿ ಹೊಟ್ಟೆ ನೋಡುತ್ತಾಳೆ, ತೂಗುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಕಳೆದ ಸಲ ಅಮ್ಮ ವಿಡಿಯೋ ಕರೆಯಲ್ಲಿದ್ದಳು. ಮುಖ ತಿರುಗಿಸದೆ ಎಲ್ಲವನ್ನೂ ನೋಡಿದಳು. ಪೆಟ್ಟಿಗೆಯ ಮೇಲಿನ ಸಾಲಿಂದ ಮೂರನ್ನು ತೂಗಿದ ಮಗಳು ನಾಲ್ಕನೆಯದಕ್ಕೂ ಅಲ್ಲಿಗೇ ಕೈ ಹಾಕಿದಾಗ ಚಳ್ಳಕೆರೆಯಿಂದ ದನಿ ಬಂತು: "ಮೇಲಿಂದಲ್ಲ ಪುಟ್ಟಿ, ನಡುವಿಂದ ತೆಗಿ."